ಸಿಎಂಎ ಪ್ರಶಸ್ತಿ: ಹೊಸ ಕಲಾವಿದ ಯಾರು? ಅರ್ಹತೆ ಶಬೂಜಿಗೆ, ಗೆಲುವು ಬೇರೆಯವರಿಗೆ?

ಗುರುವಾರ (ನ. 21) ಬೆಳಿಗ್ಗೆ ಆರೂವರೆಗೆ ನಮ್ಮೂರಲ್ಲಿ ಹಾಲಿನವರು ಬಾಗಿಲು ತಟ್ಟೋ ಹೊತ್ತಿಗೆ ಅಮೆರಿಕದ ನ್ಯಾಶ್‌ವಿಲ್ ಊರಲ್ಲಿ ಇನ್ನೂ ಬುಧವಾರ ರಾತ್ರಿ ಏಳು ಗಂಟೆ. ಅಲ್ಲಿನ ಬ್ರಿಡ್ಜ್‌ಸ್ಟೋನ್ ಅರೀನಾದಲ್ಲಿ 2024ರ ಸಿಎಂಎ ಪ್ರಶಸ್ತಿ ಸಮಾರಂಭ ಶುರುವಾಗುತ್ತೆ. ಸಿಎಂಎ ಅಂದ್ರೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್. 1958ರಲ್ಲಿ ಹುಟ್ಟಿದ ಸಂಘ, 1967ರಿಂದ ಪ್ರಶಸ್ತಿ ಕೊಡ್ತಾ ಬಂದಿದೆ.

ನೀರಿನ ಸಮಸ್ಯೆ, ಸಂತೆ ರೇಟು, ಬಸ್ ಬಾರದ ಸುದ್ದಿ ಬರೆಯೋ ಜಾಗದಲ್ಲಿ ಇದ್ಯಾಕೆ ಅಂತ ನೀವು ಕೇಳಬಹುದು. ಇದರಲ್ಲಿ ಒಂದು ಹಾಡು ಹೆಸರು ಗೊತ್ತಿಲ್ಲದೇನೇ ರೀಲ್ಸ್‌ನಲ್ಲಿ ನಿಮ್ಮ ಕಿವಿಗೆ ಬಿದ್ದಿರೋ ಸಾಧ್ಯತೆ ಇದೆ. ನಾನು ಮೊದಲು ಕೇಳಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ, ಡಿಸ್‌ಪ್ಲೇ ಹಾಕಿಸೋಕೆ ಕೂತಿದ್ದಾಗ. ಅಂಗಡಿ ಹುಡುಗನಿಗೂ ಹಾಡಿದವರು ಯಾರು ಅಂತ ಗೊತ್ತಿರಲಿಲ್ಲ. ಹಾಡಿನ ಹೆಸರು ‘ಎ ಬಾರ್ ಸಾಂಗ್ (ಟಿಪ್ಸಿ)’, ಹಾಡಿದವರು ಶಬೂಜಿ. ಈ ಸಲದ ‘ವರ್ಷದ ಹೊಸ ಕಲಾವಿದ’ ಪ್ರಶಸ್ತಿಯ ಆರು ಜನರ ಪಟ್ಟಿಯಲ್ಲಿ ಅವರೂ ಇದ್ದಾರೆ. ಉಳಿದವರಲ್ಲಿ ಮೇಗನ್ ಮರೋನಿ, ನೇಟ್ ಸ್ಮಿತ್, ಬೇಯ್ಲಿ ಜಿಮ್ಮರ್‌ಮನ್ ಮತ್ತು ಮಿಚೆಲ್ ಟೆನ್‌ಪೆನಿ ಇದ್ದಾರೆ.

ನನ್ನ ಲೆಕ್ಕ ಮೊದಲೇ ಹೇಳಿಬಿಡ್ತೀನಿ. ಈ ಪ್ರಶಸ್ತಿಗೆ ಅರ್ಹರು ಶಬೂಜಿ. ಆದರೆ ಗೆಲ್ಲೋದು ಮೇಗನ್ ಮರೋನಿ ಅನ್ನಿಸ್ತಿದೆ. ಎರಡೂ ಯಾಕೆ ಅಂತ ಕೆಳಗೆ ಬರೆದಿದ್ದೀನಿ, ತಪ್ಪಾದರೆ ಶುಕ್ರವಾರ ಸಿಕ್ಕಾಗ ಬೈಯಿರಿ.

ಕಂಟ್ರಿ ಮ್ಯೂಸಿಕ್ ಅಂದ್ರೇನು ಅಂತ ಕೇಳೋರಿಗೆ ಎರಡು ಮಾತು. ಅಮೆರಿಕದ ದಕ್ಷಿಣ ಭಾಗದ ಹಳ್ಳಿಗಾಡಿನಿಂದ ಬಂದ ಹಾಡು ಇದು. ಗಿಟಾರ್, ಪಿಟೀಲು, ಬ್ಯಾಂಜೊ ಇರುತ್ತೆ. ವಿಷಯ ಏನಪ್ಪಾ ಅಂದ್ರೆ ಊರು, ಅಪ್ಪ ಅಮ್ಮ, ಕೈಕೊಟ್ಟ ಹುಡುಗಿ, ಕುಡಿತ, ದೇವರು, ಹಳೇ ಗಾಡಿ. ನಮ್ಮ ಉತ್ತರ ಕರ್ನಾಟಕದ ಟ್ರ್ಯಾಕ್ಟರ್ ಟೇಪಿನ ಹಾಡು ಕೇಳಿದವರಿಗೆ ಇದರಲ್ಲಿ ಹೊಸದೇನೂ ಅನ್ನಿಸಲ್ಲ. ಭಾಷೆ ಬೇರೆ ಅಷ್ಟೆ.

ಮತ ಯಾರದು?

ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಇದು ಜನ ಮೆಸೇಜ್ ಮಾಡಿ ಗೆಲ್ಲಿಸೋ ರಿಯಾಲಿಟಿ ಶೋ ಅಲ್ಲ. ಮತ ಇರೋದು ಸಂಘದ ಸದಸ್ಯರಿಗೆ ಮಾತ್ರ. ಹಾಡುವವರು, ಬರೆಯುವವರು, ವಾದ್ಯ ನುಡಿಸುವವರು, ಕ್ಯಾಸೆಟ್ ಕಾಲದಿಂದ ಇರೋ ಕಂಪನಿಯವರು, ರೇಡಿಯೊದವರು, ಕಾರ್ಯಕ್ರಮ ಬುಕ್ ಮಾಡೋ ಏಜೆಂಟರು ಎಲ್ಲ ಸೇರಿ ಸಾವಿರಾರು ಮಂದಿ ಮೂರು ಸುತ್ತಿನಲ್ಲಿ ಮತ ಹಾಕ್ತಾರೆ. ಅವರಲ್ಲಿ ದೊಡ್ಡ ಪಾಲು ನ್ಯಾಶ್‌ವಿಲ್‌ನಲ್ಲೇ ಇರೋರು, ಒಂದೇ ಬೀದಿಯಲ್ಲಿ ಆಫೀಸು ಇಟ್ಟುಕೊಂಡವರು. ಅಂದ್ರೆ ಇದು ವಿಧಾನಸಭೆ ಚುನಾವಣೆ ಥರ ಅಲ್ಲ, ಸೊಸೈಟಿ ಚುನಾವಣೆ ಥರ. ಹೊರಗೆ ಎಷ್ಟು ಜೈಕಾರ ಬಿತ್ತು ಅನ್ನೋದಕ್ಕಿಂತ ಒಳಗಿನ ಶೇರುದಾರರಿಗೆ ಎಷ್ಟು ಪರಿಚಯ ಅನ್ನೋದು ಮುಖ್ಯ.

ಇನ್ನೊಂದು ವಿಷಯ, ಕಾಲಮಿತಿ. ಈ ಸಲ ಲೆಕ್ಕಕ್ಕೆ ಬರೋದು 2023ರ ಜುಲೈ 1ರಿಂದ 2024ರ ಜೂನ್ 30ರವರೆಗಿನ ಕೆಲಸ. ಈ ತಾರೀಕು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

‘ಹೊಸ’ ಅನ್ನೋ ಪದವನ್ನೂ ಪೂರ್ತಿ ನಂಬಬೇಡಿ. ಹೋದ ವರ್ಷ ಇದೇ ಪ್ರಶಸ್ತಿ ಗೆದ್ದ ಜೆಲ್ಲಿ ರೋಲ್‌ಗೆ ಆಗ 38 ವರ್ಷ. 2015ರಲ್ಲಿ ಗೆದ್ದ ಕ್ರಿಸ್ ಸ್ಟೇಪಲ್ಟನ್ ಅದಕ್ಕೂ ಮೊದಲು ಎಷ್ಟೋ ವರ್ಷ ಬೇರೆಯವರಿಗೆ ಹಾಡು ಬರೆದುಕೊಟ್ಟವರು. 1981ರಲ್ಲಿ ಶುರುವಾದಾಗ ಇದರ ಹೆಸರು ‘ಹೊರೈಜನ್ ಅವಾರ್ಡ್’ ಅಂತಿತ್ತು. ಗಾರ್ತ್ ಬ್ರೂಕ್ಸ್ 1990ರಲ್ಲಿ, ಟೇಲರ್ ಸ್ವಿಫ್ಟ್ 2007ರಲ್ಲಿ ಇದನ್ನ ತಗೊಂಡವರು. ಹಾಗಾಗಿ ಈ ಪ್ರಶಸ್ತಿ ಅಂದ್ರೆ ‘ಇನ್ನು ಮುಂದೆ ಇವರು ನಮ್ಮವರು’ ಅಂತ ಆ ಊರು ಠಸ್ಸೆ ಒತ್ತಿದ ಹಾಗೆ. ಶಬೂಜಿ ವಿಷಯದಲ್ಲಿ ಪ್ರಶ್ನೆ ಇರೋದೂ ಆ ಠಸ್ಸೆಯದ್ದೇ.

ಮೂವರು ಹುಡುಗರು

ಜಿಮ್ಮರ್‌ಮನ್ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನ ಹುಡುಗ, ವಯಸ್ಸು 24. ಗ್ಯಾಸ್ ಪೈಪ್‌ಲೈನ್ ಕೆಲಸ ಮಾಡ್ಕೊಂಡು, ಟಿಕ್‌ಟಾಕ್‌ನಲ್ಲಿ ಗಾಡಿ ವಿಡಿಯೊ ಹಾಕ್ತಿದ್ದವ ಒಂದು ಹಾಡು ಹಾಕಿ ಮೇಲೆ ಬಂದ. ಆದರೆ ಅವನ ದೊಡ್ಡ ಅಲೆ 2022-23ರದ್ದು, ಆಲ್ಬಂ ಬಂದಿದ್ದು 2023ರ ಮೇ ತಿಂಗಳಲ್ಲಿ. ಆಗಲೇ ಕೊಡಬೇಕಿತ್ತು, ಈಗ ತಡ.

ಟೆನ್‌ಪೆನಿ ನ್ಯಾಶ್‌ವಿಲ್‌ನಲ್ಲೇ ಹುಟ್ಟಿದವರು. ಅಜ್ಜಿ ಅಲ್ಲಿನ ದೊಡ್ಡ ಹಾಡು ಪ್ರಕಾಶನ ಕಂಪನಿ ನಡೆಸಿದವರು. ‘ಡ್ರಂಕ್ ಮಿ’ ಹಾಡು ಬಂದು ಆರು ವರ್ಷ ಆಯ್ತು. ಹೊಸಬ ಅನ್ನೋಕೆ ನಾಲಿಗೆ ಹೊರಳಲ್ಲ.

ನೇಟ್ ಸ್ಮಿತ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಅವರ ಊರು ಕ್ಯಾಲಿಫೋರ್ನಿಯಾದ ಪ್ಯಾರಡೈಸ್. 2018ರ ನವೆಂಬರ್‌ನಲ್ಲಿ ಕ್ಯಾಂಪ್ ಫೈರ್ ಅನ್ನೋ ಕಾಡ್ಗಿಚ್ಚಿಗೆ ಆ ಊರು ಹೆಚ್ಚುಕಮ್ಮಿ ಪೂರ್ತಿ ಸುಟ್ಟುಹೋಯ್ತು, 85 ಜನ ಸತ್ತರು. ಸ್ಮಿತ್ ಮನೆಯೂ ಹೋಯ್ತು. ಅದಕ್ಕೂ ಮೊದಲು ಒಮ್ಮೆ ನ್ಯಾಶ್‌ವಿಲ್‌ಗೆ ಹೋಗಿ, ಕೈಗೂಡದೆ ವಾಪಸ್ ಬಂದು ಆಸ್ಪತ್ರೆ ಕೆಲಸಕ್ಕೆ ಸೇರಿದ್ದವರು. ಬೆಂಕಿ ಆದಮೇಲೆ ಮತ್ತೆ ಹೊರಟರು. ಅವರ ‘ವರ್ಲ್ಡ್ ಆನ್ ಫೈರ್’ ಕಂಟ್ರಿ ರೇಡಿಯೊ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನದಲ್ಲಿತ್ತು, ಅದು ಆ ಪಟ್ಟಿಯ ದಾಖಲೆಗೆ ಸಮ. ಅದೂ ಪೂರ್ತಿ ಕಾಲಮಿತಿ ಒಳಗೇ. ಬರೀ ಕಾಗದ ನೋಡಿ ತೀರ್ಪು ಕೊಡೋದಾದ್ರೆ ಸ್ಮಿತ್ ಕೇಸು ಬಲವಾಗಿದೆ. ಆದರೂ ಅವರ ಹೆಸರು ಯಾರ ಬಾಯಲ್ಲೂ ಜೋರಾಗಿ ಬರ್ತಿಲ್ಲ. ರೇಡಿಯೊದಲ್ಲಿ ಹಾಡು ಗೊತ್ತು, ಹಾಡುವವರು ಗೊತ್ತಿಲ್ಲ ಅನ್ನೋ ಸ್ಥಿತಿ.

ಮರೋನಿ ಯಾಕೆ ಗೆಲ್ಲಬಹುದು

ಮೇಗನ್ ಮರೋನಿ ಜಾರ್ಜಿಯಾದವರು. ಅಲ್ಲಿನ ಯೂನಿವರ್ಸಿಟಿಯಲ್ಲೇ ಓದಿದವರು. 2022ರಲ್ಲಿ ಬಂದ ‘ಟೆನೆಸೀ ಆರೆಂಜ್’ ಹಾಡು ಅವರಿಗೆ ಹೆಸರು ತಂದಿದ್ದು. ಕತೆ ಚೆನ್ನಾಗಿದೆ: ಜಾರ್ಜಿಯಾದ ಹುಡುಗಿ ಒಬ್ಬನನ್ನ ಪ್ರೀತಿಸಿ, ಅವನಿಗೋಸ್ಕರ ಎದುರಾಳಿ ಟೆನೆಸೀ ಟೀಮಿನ ಕಿತ್ತಳೆ ಬಣ್ಣ ಹಾಕ್ಕೊಳ್ತಾಳೆ, ಅದನ್ನ ಮನೆಯಲ್ಲಿ ಒಪ್ಪಿಸಬೇಕು. ಆರ್‌ಸಿಬಿ ಮನೆ ಹುಡುಗಿ ಹಳದಿ ಜೆರ್ಸಿ ಹಾಕ್ಕೊಂಡು ಬಂದ ಹಾಗೆ ಅಂದ್ಕೊಳ್ಳಿ. ಇಷ್ಟು ಸಣ್ಣ ವಿಷಯದಲ್ಲಿ ಇಡೀ ಹಾಡು ಕಟ್ಟೋದು ಸುಲಭ ಅಲ್ಲ. ಆ ಹಾಡು ಹೋದ ವರ್ಷ ‘ವರ್ಷದ ಹಾಡು’ ಪಟ್ಟಿಯಲ್ಲೂ ಇತ್ತು. ತಮ್ಮ ಹಾಡುಗಳ ಬರವಣಿಗೆಯಲ್ಲಿ ಅವರ ಕೈ ಇದ್ದೇ ಇರುತ್ತೆ, ನ್ಯಾಶ್‌ವಿಲ್‌ನಲ್ಲಿ ಅದಕ್ಕೆ ಬೆಲೆ ಜಾಸ್ತಿ.

ಹೊಸ ಕಲಾವಿದರ ಪಟ್ಟಿಯಲ್ಲಿ ಅವರು ಸತತ ಎರಡನೇ ವರ್ಷ. ಹೋದ ಸಲ ಜೆಲ್ಲಿ ರೋಲ್ ಎದುರು ಸೋತರು. ಈ ಬೇಸಿಗೆಯಲ್ಲಿ ಕೆನ್ನಿ ಚೆಸ್ನಿ ಜೊತೆ ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ಹಾಡಿದ್ದಾರೆ. ಆರು ಜನರಲ್ಲಿ ಒಬ್ಬರೇ ಹೆಣ್ಣುಮಗಳು, ರೇಡಿಯೊ ಹೆಂಗಸರ ಹಾಡು ಕಡಿಮೆ ಹಾಕುತ್ತೆ ಅನ್ನೋ ದೂರು ಅಲ್ಲಿ ಹಳೇದು. ಮತದಾರರಿಗೆ ಇವರಿಗೆ ಒತ್ತೋಕೆ ಬೇಕಾದಷ್ಟು ಕಾರಣ ಇದೆ, ಮುಜುಗರ ಒಂದೂ ಇಲ್ಲ.

ಆದರೆ ತಮಾಷೆ ನೋಡಿ. ಅವರ ಮೊದಲ ಆಲ್ಬಂ ‘ಲಕ್ಕಿ’ ಬಂದಿದ್ದು 2023ರ ಮೇನಲ್ಲಿ, ಎರಡನೇದು ‘ಆಮ್ ಐ ಓಕೆ?’ ಬಂದಿದ್ದು 2024ರ ಜುಲೈನಲ್ಲಿ. ಎರಡೂ ಕಾಲಮಿತಿಯ ಆಚೆ ಈಚೆ ಬಿದ್ದಿವೆ! ನಾನು ಡಿಗ್ರಿ ಮಧ್ಯದಲ್ಲಿ ಬಿಟ್ಟವನು, ಆದರೂ ಕ್ಯಾಲೆಂಡರ್ ನೋಡೋಕೆ ಬರುತ್ತೆ. ಹಾಗಾಗಿ ಅವರು ಗೆದ್ದರೆ ಅದು ಆ ಹನ್ನೆರಡು ತಿಂಗಳ ಕೆಲಸಕ್ಕಿಂತ ಒಟ್ಟಾರೆ ನಂಬಿಕೆಗೆ ಸಿಕ್ಕ ಮತ.

ಶಬೂಜಿ ಯಾಕೆ ಅರ್ಹರು

ಶಬೂಜಿ ನಿಜವಾದ ಹೆಸರು ಕಾಲಿನ್ಸ್ ಒಬಿನ್ನಾ ಚಿಬುವೇಜೆ. ವರ್ಜೀನಿಯಾದಲ್ಲಿ ಬೆಳೆದವರು, ಅಪ್ಪ ಅಮ್ಮ ನೈಜೀರಿಯಾದಿಂದ ಬಂದವರು. ಶಾಲೆಯ ಫುಟ್ಬಾಲ್ ಕೋಚ್ ಮನೆತನದ ಹೆಸರನ್ನ ತಪ್ಪಾಗಿ ಬರೆದಿದ್ದೇ ಅಡ್ಡಹೆಸರಾಗಿ ಉಳೀತು. ಹತ್ತು ವರ್ಷದಿಂದ ಹಾಡ್ತಿದ್ದಾರೆ. ಮೊದಲ ಆಲ್ಬಂ 2018ರಲ್ಲಿ, ಎರಡನೇದು 2022ರಲ್ಲಿ, ಮೂರನೇದು ಈ ವರ್ಷದ ಮೇ ಕೊನೆಗೆ. ಒಂದೇ ಹಾಡಿನ ಗಿರಾಕಿ ಅನ್ನೋರಿಗೆ ಇಷ್ಟು ಸಾಕು.

ಆ ಹಾಡು ಏನು ಮಾಡ್ತು ಅಂತ ನೋಡಿ. ಏಪ್ರಿಲ್‌ನಲ್ಲಿ ಬಂತು. 2004ರಲ್ಲಿ ಹಿಟ್ ಆಗಿದ್ದ ಜೆ-ಕ್ವಾನ್ ಅವರ ‘ಟಿಪ್ಸಿ’ ಅನ್ನೋ ರ್‍ಯಾಪ್ ಹಾಡಿನ ಎಳೆ ಹಿಡಿದು, ಅದಕ್ಕೆ ಗಿಟಾರ್, ಪಿಟೀಲು ಸೇರಿಸಿ, ಸಂಬಳ ಸಾಲದೆ ಬಾರಿಗೆ ಹೋಗೋ ಕೆಲಸಗಾರನ ಹಾಡು ಮಾಡಿದರು. ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಬಿಯಾನ್ಸೆಯ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡನ್ನ ಇಳಿಸಿ ತಾನು ಮೊದಲಾಯ್ತು. ಕಪ್ಪು ಜನಾಂಗದ ಇಬ್ಬರು ಒಬ್ಬರ ಹಿಂದೆ ಒಬ್ಬರು ಆ ಪಟ್ಟಿಯ ತುದಿಯಲ್ಲಿ ಕೂತಿದ್ದು ಅದೇ ಮೊದಲು. ಜುಲೈನಲ್ಲಿ ಎಲ್ಲ ಬಗೆಯ ಹಾಡುಗಳ ದೊಡ್ಡ ಪಟ್ಟಿ ಹಾಟ್ 100ರಲ್ಲೂ ಒಂದನೇ ಸ್ಥಾನ, ಅಲ್ಲಿ 15 ವಾರ ದಾಟಿ ಕೂತಿತ್ತು. ಆಗ ದಾಖಲೆ ಇದ್ದದ್ದು 19 ವಾರ, 2019ರಲ್ಲಿ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಮಾಡಿದ್ದು.

ಆ ‘ಓಲ್ಡ್ ಟೌನ್ ರೋಡ್’ ಕತೆ ನೆನಪಿದೆಯಾ? ಕಂಟ್ರಿ ಪಟ್ಟಿಗೆ ಬಂದಿದ್ದ ಹಾಡನ್ನ ‘ಇದರಲ್ಲಿ ಇವತ್ತಿನ ಕಂಟ್ರಿಯ ಅಂಶ ಸಾಲದು’ ಅಂತ ಬಿಲ್‌ಬೋರ್ಡ್ ಕಿತ್ತುಹಾಕಿತ್ತು. ಶಬೂಜಿ ಹಾಡಿಗೆ ಹಾಗೆ ಮಾಡೋಕೆ ಆಗಲಿಲ್ಲ. ಕಂಟ್ರಿ ರೇಡಿಯೊದವರೇ ಹಾಕಿದರು, ಆ ಪಟ್ಟಿಯಲ್ಲೂ ಮೊದಲಾಯ್ತು. ಐದು ವರ್ಷದಲ್ಲಿ ಆದ ಬದಲಾವಣೆ ಇದು. ಕೀಬೋರ್ಡ್, ಡಿಜೆ ಹಾಕಿದ್ದನ್ನ ಜಾನಪದ ಅನ್ನಬೇಕೋ ಬೇಡವೋ ಅಂತ ನಮ್ಮ ಕಡೆ ಜಗಳ ಇದೆಯಲ್ಲ, ಅದೇ ಜಗಳ. ಅಲ್ಲಿ ಅದರ ಜೊತೆ ಚರ್ಮದ ಬಣ್ಣವೂ ಸೇರಿಕೊಂಡಿದೆ.

ವಿಚಿತ್ರ ಏನಂದ್ರೆ ಬ್ಯಾಂಜೊ ಬಂದಿದ್ದೇ ಆಫ್ರಿಕಾದಿಂದ ಗುಲಾಮರಾಗಿ ತಂದವರ ಕೈಯಿಂದ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಡಿಫೋರ್ಡ್ ಬೇಯ್ಲಿ ಅನ್ನೋ ಕಪ್ಪು ಜನಾಂಗದ ಮೌತ್ ಆರ್ಗನ್ ವಾದಕರಿದ್ದರು, 1941ರಲ್ಲಿ ಅವರನ್ನ ಬಿಟ್ಟುಬಿಟ್ಟರು. ಚಾರ್ಲಿ ಪ್ರೈಡ್ 1971ರಲ್ಲಿ ಸಿಎಂಎಯ ಅತಿ ದೊಡ್ಡ ಪ್ರಶಸ್ತಿ ಗೆದ್ದರು. ಹೊಸ ಕಲಾವಿದ ಪ್ರಶಸ್ತಿ ಮಾತ್ರ ಕಪ್ಪು ಜನಾಂಗದವರಿಗೆ ಸಿಕ್ಕಿದ್ದು ಎರಡೇ ಸಲ: 2009ರಲ್ಲಿ ಡೇರಿಯಸ್ ರಕ್ಕರ್, 2021ರಲ್ಲಿ ಜಿಮ್ಮಿ ಅಲೆನ್. ಈ ವರ್ಷ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಆಲ್ಬಂಗೆ ಸಿಎಂಎ ಒಂದೇ ಒಂದು ನಾಮಿನೇಷನ್ ಕೊಡಲಿಲ್ಲ. ಅದೇ ಆಲ್ಬಂನಲ್ಲಿ ಎರಡು ಹಾಡಿಗೆ ದನಿ ಕೊಟ್ಟ ಶಬೂಜಿಗೆ ಎರಡು ಕೊಟ್ಟಿದೆ, ಹೊಸ ಕಲಾವಿದ ಮತ್ತು ವರ್ಷದ ಸಿಂಗಲ್.

ಬಣ್ಣ ನೋಡಿ ಕೊಡಿ ಅಂತ ನಾನು ಹೇಳ್ತಿಲ್ಲ. ಹಾಗೆ ಕೊಟ್ಟರೆ ಅದು ಅವರಿಗೇ ಅವಮಾನ. ಹೊಸ ಕಲಾವಿದ ಅಂದ್ರೆ ಆ ವರ್ಷ ಬಾಗಿಲು ತೆಗೆದು ಹೊಸ ಜನರನ್ನ ಒಳಗೆ ಕರೆತಂದವರು ಅಂತ ಅರ್ಥ ಇದ್ದರೆ, ಆರು ಜನರಲ್ಲಿ ಆ ಕೆಲಸ ಮಾಡಿದ್ದು ಒಬ್ಬರೇ. ಸ್ಮಿತ್ ಹಾಡು ಕೇಳಿದವರು ಮೊದಲೇ ಕಂಟ್ರಿ ಕೇಳ್ತಿದ್ದವರು. ಶಬೂಜಿ ಹಾಡು ಕೇಳಿದವರಲ್ಲಿ ನಮ್ಮ ಮೊಬೈಲ್ ಅಂಗಡಿ ಹುಡುಗನೂ ಇದ್ದಾನೆ.

ಇದಕ್ಕೆ ಎದುರು ವಾದ ಇದೆ, ಅದೂ ಸುಳ್ಳಲ್ಲ. ಹಾಡು ಏಪ್ರಿಲ್ ಮಧ್ಯದಲ್ಲಿ ಬಂದಿದ್ದು. ಕಾಲಮಿತಿ ಮುಗಿದಿದ್ದು ಜೂನ್ 30ಕ್ಕೆ. ಹಾಟ್ 100ರಲ್ಲಿ ಮೊದಲ ಸ್ಥಾನದ ಅಷ್ಟೂ ವಾರ ಆಮೇಲಿನದ್ದು. ನಿಯಮ ಹಿಡಿದು ಕೂತರೆ ಶಬೂಜಿ ಖಾತೆಯಲ್ಲಿ ಎರಡೂವರೆ ತಿಂಗಳು ಮಾತ್ರ. ‘ಮುಂದಿನ ವರ್ಷ ನೋಡೋಣ’ ಅನ್ನೋಕೆ ಮತದಾರರಿಗೆ ಇದೊಂದು ಒಳ್ಳೆ ನೆಪ. ಆದರೆ ಇದೇ ನಿಯಮ ಮರೋನಿ ಆಲ್ಬಂಗಳಿಗೂ ಅನ್ವಯಿಸಬೇಕಲ್ವಾ? ಒಬ್ಬರಿಗೆ ಕ್ಯಾಲೆಂಡರ್, ಇನ್ನೊಬ್ಬರಿಗೆ ವಿಶ್ವಾಸ ಅಂದ್ರೆ ಹೇಗೆ? ನವೆಂಬರ್ ಒಂದು ಬಂದರೆ ರಾಜ್ಯೋತ್ಸವ ಪಟ್ಟಿ ಹಿಡ್ಕೊಂಡು ಟೀ ಅಂಗಡಿಯಲ್ಲಿ ನಾವು ಕೇಳೋದೂ ಇದನ್ನೇ ತಾನೇ.

ಆ ರಾತ್ರಿ ಗಮನಿಸಬೇಕಾದ್ದು ಇನ್ನೊಂದಿದೆ. ವೇದಿಕೆ ಮೇಲೆ ಹಾಡೋರ ಪಟ್ಟಿಯಲ್ಲಿ ಶಬೂಜಿ ಹೆಸರಿದೆ. ವರ್ಷದ ಸಿಂಗಲ್ ವಿಭಾಗದಲ್ಲಿ ಅವರ ಎದುರಿಗೆ ಕ್ರಿಸ್ ಸ್ಟೇಪಲ್ಟನ್ ಅವರ ‘ವೈಟ್ ಹಾರ್ಸ್’ ಇದೆ, ಪೋಸ್ಟ್ ಮಲೋನ್ ಮತ್ತು ಮಾರ್ಗನ್ ವಾಲನ್ ಸೇರಿ ಹಾಡಿದ್ದೂ ಇದೆ. ಸ್ಟೇಪಲ್ಟನ್ ಆ ಊರಿನ ಮನೆಮಗ. ಅಲ್ಲೂ ಕಷ್ಟ. ಟಿವಿಗೆ ಜನ ಬೇಕು ಅಂತ ಹಾಡಿಸಿ, ಎರಡೂ ಪ್ರಶಸ್ತಿ ಬೇರೆಯವರಿಗೆ ಕೊಟ್ಟು ಕಳಿಸಿದರೆ ನನಗೇನೂ ಆಶ್ಚರ್ಯ ಆಗಲ್ಲ. ಗುರುವಾರ ಬೆಳಿಗ್ಗೆ ಫಲಿತಾಂಶ ಬಂದ ಕೂಡಲೇ ಇಲ್ಲೇ ಹಾಕ್ತೀನಿ. ಕರೆಂಟ್ ಇದ್ದರೆ.