ಹಿರಿಯ ವಿದ್ಯಾರ್ಥಿಯೂ ಹಿರಿಯ ಕೃತಿಯೂ

ಪ್ರೌಢ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಹೊರಟವರು ಈಚೆಗೆ ನಮ್ಮ ಊರುಗಳಲ್ಲಿಯೂ ಕಾಣಬರುತ್ತಿದ್ದಾರೆ. ಕಚೇರಿಯ ಕೆಲಸ ಮುಗಿಸಿ ಬಂದ ಗೃಹಸ್ಥರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗ ತಮಗೆಂದು ಒಂದು ಗಳಿಗೆಯನ್ನು ಉಳಿಸಿಕೊಂಡ ಗೃಹಿಣಿಯರು, ನಿವೃತ್ತರಾದ ಉಪಾಧ್ಯಾಯರು, ಇವರೆಲ್ಲರೂ ಸಂಜೆ ಒಂದು ಹೊತ್ತು ಆ ವಾದ್ಯದ ಮುಂದೆ ಕೂರುವರು. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಹೀಗೆ ಕುಳಿತವರಲ್ಲಿ ಅನೇಕರು ಎರಡು ಮೂರು ವರ್ಷಗಳೊಳಗಾಗಿ ಎದ್ದುಹೋಗುವುದನ್ನೂ, ವಾದ್ಯವು ಮನೆಯವರ ಭಾವಚಿತ್ರಗಳನ್ನಿಡುವ ಹಲಗೆಯಾಗುವುದನ್ನೂ ನಾವು ಕಂಡಿದ್ದೇವೆ. ಕಾರಣವನ್ನು ಕೇಳಿದರೆ ವಯಸ್ಸಾಯಿತೆನ್ನುವರು, ಬೆರಳು ಬಗ್ಗದೆನ್ನುವರು, ಹೊತ್ತು ಸಾಲದೆನ್ನುವರು. ಈ ಮೂರೂ ಪೂರ್ತಿ ಸುಳ್ಳಲ್ಲ. ಆದರೂ ಮುಖ್ಯ ಕಾರಣವು ಇವುಗಳಲ್ಲಿಲ್ಲವೆಂದೂ, ನುಡಿಸುವುದಕ್ಕೆಂದು ಆರಿಸಿಕೊಂಡ ಕೃತಿಯೇ ಹೆಚ್ಚಿನವರನ್ನು ಆ ಪೀಠದಿಂದ ಎಬ್ಬಿಸಿ ಕಳುಹಿಸುವುದೆಂದೂ ನಮ್ಮ ವಾದ.

ಪರರ ದೋಷವನ್ನೆಣಿಸುವ ಮೊದಲು ತನ್ನದನ್ನು ಒಪ್ಪಿಕೊಳ್ಳುವುದು ನ್ಯಾಯ. ಮಗಳಿಗೆಂದು ಕೊಂಡ ಪಿಯಾನೋವು, ಆಕೆ ವಿದ್ಯಾಭ್ಯಾಸಕ್ಕಾಗಿ ಪರಸ್ಥಳಕ್ಕೆ ಹೋದಮೇಲೆ, ಮನೆಯಲ್ಲಿ ಮೂಕವಾಗಿ ನಿಂತಿರುವುದನ್ನು ನೋಡಲಾರದೆ ಈ ಲೇಖಕನು ತನ್ನ 46ನೆಯ ವಯಸ್ಸಿನಲ್ಲಿ ಪಾಠ ಹೇಳಿಸಿಕೊಳ್ಳತೊಡಗಿದನು. ಆರು ತಿಂಗಳು ತುಂಬುವಷ್ಟರಲ್ಲಿಯೇ, ಗುರುಗಳು ಬೇಡವೆಂದರೂ ಕೇಳದೆ, ಬೀಥೋವನನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನು ಹಿಡಿದದ್ದಾಯಿತು. ಹನ್ನೊಂದು ತಿಂಗಳು ಅದೊಂದನ್ನೇ ಜಪಿಸಿದ್ದಾಯಿತು. ಮಗಳು ರಜೆಗೆ ಬಂದಾಗ ಅಭಿಮಾನದಿಂದ ನುಡಿಸಿ ತೋರಿಸಿದೆನು. ಆಕೆ ಕೊನೆಯವರೆಗೆ ಕೇಳಿ, “ಚೆನ್ನಾಗಿದೆ. ಇನ್ನೊಂದು ನುಡಿಸಪ್ಪ” ಎಂದಳು. ನುಡಿಸಲು ಇನ್ನೊಂದಿರಲಿಲ್ಲ. ಒಂದೂವರೆ ವರ್ಷ ಸಂಗೀತ ಕಲಿತ ಮನುಷ್ಯನಲ್ಲಿ ಎರಡನೆಯ ಕೃತಿಯಿಲ್ಲವೆಂದರೆ ಅವನು ಕಲಿತದ್ದೇನು? ಈ ಬರಹವು ಹುಟ್ಟಿದ್ದು ಆ ದಿನದ ನಾಚಿಕೆಯಿಂದ.

ಆ ಸೊನಾಟಾದ ಮೇಲೆ ನಮಗೇನೂ ದ್ವೇಷವಿಲ್ಲ. ಬೀಥೋವನನು ಅದನ್ನು 1801ರಲ್ಲಿ ರಚಿಸಿದನು. ಬೆಳುದಿಂಗಳಿನ ಹೆಸರು ಅವನಿಟ್ಟುದಲ್ಲ; ಅವನು ತೀರಿಕೊಂಡಮೇಲೆ ಪ್ರಚಾರಕ್ಕೆ ಬಂದುದು. ಅದರ ಮೊದಲ ಭಾಗವು ವಿಳಂಬಗತಿಯದಾದುದರಿಂದ ಸುಲಭವೆಂದು ತೋರುತ್ತದೆ, ಮೋಸವಿರುವುದು ಅಲ್ಲಿಯೇ. ಬಲಗೈಯ ಕಿರುಬೆರಳು ಹಾಡನ್ನು ಎತ್ತಿಹಿಡಿಯಬೇಕು. ಅದೇ ಕೈಯ ಉಳಿದ ಬೆರಳುಗಳು ಮೂರು ಮೂರು ಸ್ವರಗಳ ಅಲೆಯನ್ನು ಅದಕ್ಕಿಂತ ಮೆಲ್ಲಗೆ, ಒಂದಿಷ್ಟೂ ಏರುಪೇರಿಲ್ಲದೆ ಹರಿಸಬೇಕು. ಹೊಸಬನ ಕೈಯಲ್ಲಿ ಅಲೆಯೂ ಹಾಡೂ ಒಂದೇ ತೂಕಕ್ಕೆ ಬಂದು ಬರಿಯ ಗೊಣಗಾಟವಾಗುವುದು. ಮೂರನೆಯ ಭಾಗವೋ ಬಿರುಗಾಳಿಯಂತಹುದು. ಅದನ್ನು ಅವನು ಮುಟ್ಟುವಂತೆಯೇ ಇಲ್ಲ. ಹೀಗೆ ಅವನ ಪಾಲಿಗೆ ಬರುವುದು ಒಂದು ದೊಡ್ಡ ಕೃತಿಯ ಮೂರನೆಯ ಒಂದಂಶ, ಅದೂ ಅರೆಬೆಂದದ್ದು.

ಕೀರ್ತಿವೆತ್ತ ಒಂದು ಕೃತಿಗೆ ವರ್ಷವನ್ನೆಲ್ಲ ತೆರುವವನಿಗೆ ಆಗುವ ನಷ್ಟ ಕಣ್ಣಿಗೆ ಕಾಣುವಂಥದಲ್ಲ. ಮೊದಲ ಒಂದೆರಡು ತಿಂಗಳಲ್ಲಿ ಅವನು ಸ್ವರಲಿಪಿಯನ್ನು ಒಂದೊಂದಾಗಿ ಬಿಡಿಸಿ ಓದುವನು. ಆಮೇಲೆ ಬೆರಳುಗಳಿಗೆ ಬಾಯಿಪಾಠವಾಗುವುದು. ಕಣ್ಣಿಗೆ ಮಾಡಲು ಕೆಲಸವಿಲ್ಲ. ಉಳಿದ ಎಂಟು ತಿಂಗಳು ಅವನು ಹೊಸತಾಗಿ ಒಂದು ಸಾಲನ್ನೂ ಓದುವುದಿಲ್ಲ. ಅಕ್ಷರ ಕಲಿತ ಬಾಲಕನಿಗೆ ಇಡೀ ವರ್ಷ ಒಂದೇ ಪದ್ಯವನ್ನು ಓದಿಸಿದರೆ ಅವನು ಆ ಪದ್ಯವನ್ನು ಒಪ್ಪಿಸಬಲ್ಲನೇ ಹೊರತು ಓದುವುದನ್ನು ಬಲ್ಲವನಾಗುವನೇ? ಓದು ಬರುವುದು ಬೇರೆ ಬೇರೆ ಪುಟಗಳನ್ನು ಓದುವುದರಿಂದ. ಪಿಯಾನೋದಲ್ಲಿಯೂ ಹಾಗೆಯೇ. ವರ್ಷಕ್ಕೆ ಇಪ್ಪತ್ತು ಚಿಕ್ಕ ಕೃತಿಗಳನ್ನು ನುಡಿಸಿದವನು ಇಪ್ಪತ್ತು ಬಗೆಯ ಲಯವನ್ನೂ, ಇಪ್ಪತ್ತು ಬಗೆಯ ಕೈಯಿಡುವಿಕೆಯನ್ನೂ ಕಂಡಿರುವನು. ಇಪ್ಪತ್ತೊಂದನೆಯದು ಅವನಿಗೆ ಅರ್ಧ ಪರಿಚಿತವಾಗಿಯೇ ಎದುರಾಗುವುದು.

ಅತಿಯಾಸೆಯಿಂದ ದೇಹಕ್ಕೂ ಅಪಾಯವುಂಟು. ಸ್ಕ್ರಿಯಾಬಿನ್ ಎಂಬ ರಷ್ಯದ ವಾಗ್ಗೇಯಕಾರನು ಇಪ್ಪತ್ತರ ಆಸುಪಾಸಿನ ತರುಣನಾಗಿ ಮಾಸ್ಕೋದಲ್ಲಿ ಕಲಿಯುತ್ತಿದ್ದಾಗ, ಲಿಸ್ಟನ ಅತಿ ಕಠಿನವಾದ ಕೃತಿಯೇ ಮೊದಲಾದವುಗಳನ್ನು ಮಿತಿಮೀರಿ ಸಾಧಿಸಹೋಗಿ ಬಲಗೈಯನ್ನು ನೋಯಿಸಿಕೊಂಡನು. ಅಂತಹ ಅಸಾಧಾರಣನಾದ ತರುಣನ ಕೈಯೇ ತಾಳದಿದ್ದಮೇಲೆ, ಹಗಲೆಲ್ಲ ಲೇಖನಿಯನ್ನೋ ಗಣಕಯಂತ್ರವನ್ನೋ ಹಿಡಿದ ನಮ್ಮ ಐವತ್ತರ ಕೈಗಳ ಮಾತೇನು?

ಇನ್ನು ಅಂಗಡಿಯವರು ನೀಡುವ ಪರಿಹಾರವನ್ನು ನೋಡೋಣ. ‘ಸುಲಭೀಕೃತ’ವೆಂಬ ಹೆಸರಿನಲ್ಲಿ ಪ್ರಸಿದ್ಧ ಕೃತಿಗಳನ್ನು ಕತ್ತರಿಸಿ, ಎಡಗೈಯನ್ನು ಬರಿದುಮಾಡಿ, ಕಷ್ಟದ ಕಡೆಗಳನ್ನೆಲ್ಲ ಕಿತ್ತು, ಅಂದವಾದ ಹೊದಿಕೆಯ ಪುಸ್ತಕಗಳಾಗಿ ಮಾರುತ್ತಾರೆ. ಒಂದು ವಾದ್ಯದ ಸಂಗೀತವನ್ನು ಇನ್ನೊಂದಕ್ಕೆ ಅಳವಡಿಸುವುದು ತಪ್ಪೆಂದು ನಾವು ಹೇಳುವುದಿಲ್ಲ, ಬಾಖನು ವಿವಾಲ್ಡಿಯ ಕೃತಿಗಳನ್ನೂ, ಲಿಸ್ಟನು ಬೀಥೋವನನ ಸಿಂಫನಿಗಳನ್ನೂ ತಮ್ಮ ವಾದ್ಯಗಳಿಗೆ ಅಳವಡಿಸಿದರು, ಅದು ಕಲೆ. ಕೃತಿಯ ಎಲುಬನ್ನೇ ತೆಗೆದು ಹೆಸರನ್ನು ಮಾತ್ರ ಉಳಿಸುವುದು ವ್ಯಾಪಾರ. ಅದನ್ನು ನುಡಿಸಿದವನು ‘ನಾನು ಷೋಪಾನನನ್ನು ನುಡಿಸಿದೆ’ನೆಂದು ಹೇಳಿಕೊಳ್ಳಬಹುದು, ಅವನ ಕಿವಿಯು ಮಾತ್ರ ಅದನ್ನು ನಂಬುವುದಿಲ್ಲ. ಆ ಅಪನಂಬಿಕೆಯೇ ಮುಂದೆ ಬೇಸರವಾಗಿ ಬಲಿಯುವುದು.

ಪರೀಕ್ಷೆಯ ದಾರಿ ಇದಕ್ಕಿಂತ ಗೌರವದ್ದೆಂದು ತೋರುತ್ತದೆ. ಲಂಡನ್ನಿನ ಮಂಡಲಿಗಳು ನಡೆಸುವ ಶ್ರೇಣಿಪರೀಕ್ಷೆಗಳು ನಮ್ಮ ದೇಶದಲ್ಲಿಯೂ ನಡೆಯುತ್ತವೆ; 1ರಿಂದ 8ರವರೆಗೆ ಶ್ರೇಣಿಗಳು. ಒಂದೊಂದು ಶ್ರೇಣಿಗೂ ಕೊಟ್ಟ ಪಟ್ಟಿಯಿಂದ ಮೂರು ಕೃತಿಗಳನ್ನು ಆರಿಸಿ ನುಡಿಸುವುದು ರೂಢಿ. ವೃತ್ತಿಯನ್ನು ಬಯಸುವ ಬಾಲಕರಿಗೆ ಇದರಿಂದ ಪ್ರಯೋಜನವುಂಟು. ಪಟ್ಟಿಗಳಲ್ಲಿ ಒಳ್ಳೆಯ ಕೃತಿಗಳೂ ಇವೆ. ಆದರೆ ವರ್ಷಕ್ಕೆ ಒಂದರಂತೆ ಎಂಟೂ ಶ್ರೇಣಿಗಳನ್ನು ಆ ಮೂರು ಮೂರರಿಂದಲೇ ದಾಟಿದವನು ಎಂಟು ವರ್ಷಗಳಲ್ಲಿ ನುಡಿಸುವುದು 24 ಕೃತಿಗಳನ್ನು! ಅದರಲ್ಲಿಯೂ ಹಿಂದಿನ ವರ್ಷದ ಮೂರು ಪ್ರಮಾಣಪತ್ರ ಬಂದ ದಿನವೇ ಮರೆತುಹೋಗಿರುತ್ತವೆ. ಪ್ರೌಢನಾದವನು ಹುದ್ದೆಗಾಗಿ, ಬಡ್ತಿಗಾಗಿ ಬೇಕಾದಷ್ಟು ಪರೀಕ್ಷೆಗಳನ್ನು ಕೊಟ್ಟಾಗಿದೆ. ಯಾರ ಅಪ್ಪಣೆಯೂ ಬೇಡದ ಒಂದು ಮೂಲೆಯನ್ನು ಜೀವನದಲ್ಲಿ ಈಗ ಕಂಡುಕೊಂಡವನು ಅಲ್ಲಿಗೂ ಪರೀಕ್ಷಕನನ್ನು ಕರೆದು ಕೂರಿಸುವುದೇಕೆ?

ಹಾಗಾದರೆ ಹಿರಿಯ ವಿದ್ಯಾರ್ಥಿಯು ಆರಿಸತಕ್ಕುದೇನು? ಮಹಾಪುರುಷರು ತಾವೇ ಚಿಕ್ಕದಾಗಿ ಬರೆದ ಪೂರ್ಣಕೃತಿಗಳನ್ನು. ಇವು ‘ಮಕ್ಕಳವು’ ಎಂದು ನಮ್ಮವರು ಮೂಗು ಮುರಿಯುವರು. ಬಾಖನು 1723ರಲ್ಲಿ ಶುದ್ಧಪ್ರತಿ ಮಾಡಿದ ಎರಡೆಳೆಯ 15 ಇನ್‌ವೆನ್ಷನ್ನುಗಳ ಮುಖಪುಟದಲ್ಲಿ ಅವು ವಾದ್ಯಪ್ರಿಯರಿಗಾಗಿ, ಅದರಲ್ಲಿಯೂ ಕಲಿಯಬಯಸುವವರಿಗಾಗಿ ಎಂದಿದ್ದಾನೆ, ಮಕ್ಕಳಿಗೆಂದು ಹೇಳಿಲ್ಲ. ಅವನ ಮಡದಿ ಆನ್ನಾ ಮಗ್ದಲೇನಳ 1725ರ ಸಂಗ್ರಹವು ಬೆಳೆದ ಹೆಂಗಸೊಬ್ಬಳ ಮನೆಯ ಪುಸ್ತಕ. ಶೂಮನ್ನನು 1848ರಲ್ಲಿ ತನ್ನ ಹಿರಿಯ ಮಗಳ ಹುಟ್ಟುಹಬ್ಬದ ನೆಪದಲ್ಲಿ ಆರಂಭಿಸಿ 43 ಕಿರುಕೃತಿಗಳ ಸಂಪುಟವನ್ನು ಬರೆದನು. ಕಠಿನವಾದುದನ್ನು ಸಾಧಾರಣವಾಗಿ ನುಡಿಸುವುದಕ್ಕಿಂತ ಸುಲಭವಾದುದನ್ನು ಸುಂದರವಾಗಿ ನುಡಿಸುವುದು ಮೇಲೆಂದು ಕಲಿಯುವವರಿಗೆ ಬುದ್ಧಿಹೇಳಿದವನೂ ಅವನೇ. ಬಾರ್ಟೋಕನು 1926ರಿಂದ 1939ರವರೆಗೆ ಬರೆದ ‘ಮಿಕ್ರೋಕೋಸ್ಮೋಸ್’ ಎಂಬ ಆರು ಸಂಪುಟಗಳಲ್ಲಿ 153 ಕೃತಿಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಷೋಪಾನನ 24 ಪ್ರೆಲ್ಯೂಡುಗಳಲ್ಲಿ ಏಳನೆಯದಕ್ಕೆ 16 ಆವರ್ತಗಳು, ಇಪ್ಪತ್ತನೆಯದಕ್ಕೆ 13. ಹದಿಮೂರು ಆವರ್ತಗಳಲ್ಲಿ ಒಂದು ಶವಯಾತ್ರೆಯಷ್ಟು ಗಾಂಭೀರ್ಯವನ್ನು ತುಂಬಿದ ಕೃತಿಯನ್ನು ಮಕ್ಕಳಾಟವೆನ್ನುವ ಧೈರ್ಯ ಯಾರಿಗುಂಟು? ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟೆಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ.

ಚಿಕ್ಕದಕ್ಕೆ ಇಳಿಯುವುದು ಅವಮಾನವೆನ್ನುವವರು ಸಾತಿಯನ್ನು ನೆನೆಯಬೇಕು. ‘ಜಿಮ್ನೋಪೆದಿ’ಗಳೆಂಬ ಮೂರು ಕೃತಿಗಳನ್ನು 1888ರಲ್ಲಿಯೇ ರಚಿಸಿದ್ದ ಆ ಫ್ರೆಂಚನು 1905ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಪ್ಯಾರಿಸಿನ ಒಂದು ಸಂಗೀತಶಾಲೆಗೆ ಸೇರಿ, ಸ್ವರಗಳನ್ನು ಎಳೆಗೆ ಎಳೆ ಹೆಣೆಯುವ ಶಾಸ್ತ್ರವನ್ನು ಮೊದಲಿನಿಂದ ಕಲಿತನು. ತನಗಿಂತ ಕಿರಿಯರೊಡನೆ ಕುಳಿತು ಅಭ್ಯಾಸದ ಲೆಕ್ಕಗಳನ್ನು ಮಾಡಿದುದರಿಂದ ಅವನ ಮಾನವೇನೂ ಕುಂದಲಿಲ್ಲ.

“ಆಸೆಯಿಲ್ಲದೆ ಕಲಿಕೆಯುಂಟೆ? ಮನಸ್ಸು ಸೂರೆಗೊಂಡ ಕೃತಿಯನ್ನು ಬಿಟ್ಟು ನೀವು ಹೇಳಿದ್ದನ್ನು ನುಡಿಸಬೇಕೇ?” ಎಂದು ಕೇಳುವವರಿದ್ದಾರೆ. ಈ ಆಕ್ಷೇಪವು ಬಲವುಳ್ಳದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ಆ ಆಸೆ ನಿಮ್ಮದೋ, ಲೋಕದ್ದೋ? ಎಲ್ಲರೂ ಹೊಗಳುವ ಐದಾರು ಕೃತಿಗಳನ್ನು ಬಿಟ್ಟು ಬೇರೊಂದನ್ನು ಕೇಳದವನಿಗೆ ಆಯ್ಕೆಯೆಂಬುದೆಲ್ಲಿಯದು? ಸ್ವಂತ ಅಭಿರುಚಿಯೆಂದರೇನೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ನಿದರ್ಶನವಿದೆ. ಕರ್ಣಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಿಯಾನೋವನ್ನೂ ಶ್ರದ್ಧೆಯಿಂದ ಕಲಿತವರು. ಅವರ ಮನಸ್ಸು ಒಲಿದದ್ದು ಲೋಕವು ಹೆಚ್ಚಾಗಿ ಲಕ್ಷಿಸದಿದ್ದ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರನಿಗೆ. ಲಂಡನ್ನಿನಲ್ಲಿ ನೆಲಸಿ ಮುದಿತನದಲ್ಲಿ ಕುಗ್ಗಿದ್ದ ಆತನ ಸಂಗೀತವನ್ನು ಆತನೇ ನುಡಿಸಿ ಧ್ವನಿಮುದ್ರಿಸುವಂತೆ 1940ರ ದಶಕದ ಕೊನೆಯಲ್ಲಿ ಅವರು ದ್ರವ್ಯಸಹಾಯ ಮಾಡಿದರು; ಆತನು ತನ್ನ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದನು. ಮೆಟ್ನರನ ಕೃತಿಗಳು ಸುಲಭವಲ್ಲ. ಹೊಸಬರು ಅವನ್ನು ನುಡಿಸಲೆಂದು ಈ ಮಾತನ್ನೆತ್ತಿಲ್ಲ. ಕೀರ್ತಿಯನ್ನು ಕೇಳದೆ ಕಿವಿಯನ್ನು ಕೇಳಿ ಆರಿಸಿದವರು ನಮ್ಮಲ್ಲಿಯೇ ಇದ್ದರೆಂಬುದಷ್ಟೇ ಇಲ್ಲಿ ಮುಖ್ಯ.

ಆದುದರಿಂದ ಆಸೆಯ ಕೃತಿಯನ್ನು ಪೂರ್ತಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಅದು ಒಂದಿರಲಿ, ದಿನದ ಅಭ್ಯಾಸದಲ್ಲಿ ಅದಕ್ಕೆ ಹದಿನೈದು ನಿಮಿಷ ಸಲ್ಲಲಿ. ಉಳಿದ ಹೊತ್ತೆಲ್ಲ ಒಂದು ತಿಂಗಳೊಳಗಾಗಿ ಮುಗಿಸಬಹುದಾದ, ಕತ್ತರಿಸದ, ಮೂಲರೂಪದ ಕೃತಿಗಳಿಗೆ ಮೀಸಲಾಗಲಿ. ಆರಿಸುವ ಮೊದಲು ಅದನ್ನು ಬಲ್ಲವರ ವಾದನದಲ್ಲಿ ಹಲವು ಸಾರಿ ಕೇಳಿ, ಹತ್ತನೆಯ ಸಾರಿಯೂ ಹಿಡಿಸಿದರೆ ತೆಗೆದುಕೊಳ್ಳತಕ್ಕದ್ದು. ಎರಡು ಕೈಗಳನ್ನು ಕೂಡಿಸಿ ಮೊದಲ ಸಾಲನ್ನು ಒಂದು ವಾರದೊಳಗೆ ನಿಧಾನವಾಗಿಯಾದರೂ ನುಡಿಸಲಾಗದಿದ್ದರೆ ಅದನ್ನು ಮುಂದಿನ ವರ್ಷಕ್ಕೆ ಎತ್ತಿಡತಕ್ಕದ್ದು. ಕಲಿತ ಮೂರನ್ನಾದರೂ ಮರೆಯದೆ ಕೈಯಲ್ಲಿಟ್ಟುಕೊಂಡು, ಹೊಸದೊಂದು ಬಂದಾಗ ಹಳೆಯದೊಂದನ್ನು ಬಿಡತಕ್ಕದ್ದು. ಗುರುಗಳಲ್ಲಿಯೂ ಒಂದು ಬಿನ್ನಹ: ಚಿತ್ರಗಳಿರುವ ಶಿಶುಪುಸ್ತಕವನ್ನು ಐವತ್ತರವರ ಕೈಯಲ್ಲಿಡಬೇಡಿರಿ, ಅವರ ಬೆರಳು ಹೊಸದಾದರೂ ಹೃದಯ ಹೊಸದಲ್ಲ. ಬದುಕನ್ನು ಕಂಡವರಿಗೆ ಬದುಕನ್ನು ಕಂಡವರು ಬರೆದ ಸಂಗೀತವನ್ನೇ ಕೊಡಿರಿ. ಅಂಥದು ಒಂದು ಪುಟದಲ್ಲಿಯೂ ದೊರೆಯುತ್ತದೆ.

ಹಿರಿಯ ವಿದ್ಯಾರ್ಥಿಗೆ ಮುಂದೆ ವೇದಿಕೆಯಿಲ್ಲ, ಬಿರುದಿಲ್ಲ. ಅವನಿಗಿರುವ ಸಭೆಯೆಂದರೆ ಮನೆಯವರು, ಹೆಚ್ಚೆಂದರೆ ನೆರೆಯವರು. ಆ ಸಭೆಯು ಅವನಿಂದ ಪ್ರಸಿದ್ಧವಾದುದನ್ನು ಬಯಸುವುದಿಲ್ಲ. ನುಡಿಸಿದ್ದು ಇಂಪಾಗಿರಲೆಂದೂ, ಒಂದಾದಮೇಲೆ ಇನ್ನೊಂದು ಇರಲೆಂದೂ ಬಯಸುವುದು. ಈ ಸಾರಿ ಮಗಳು ರಜೆಗೆ ಬರುವಷ್ಟರಲ್ಲಿ ಶೂಮನ್ನನವು ನಾಲ್ಕು, ಬಾರ್ಟೋಕನವು ಆರು, ಬಾಖನದು ಒಂದು, ಇಷ್ಟು ಈ ಲೇಖಕನ ಕೈಯಲ್ಲಿವೆ. ಅವುಗಳಲ್ಲಿ ಯಾವುದೂ ಎರಡು ಪುಟಗಳನ್ನು ಮೀರಿಲ್ಲ. ಆಕೆ ಇನ್ನೊಂದನ್ನು ಕೇಳಿದರೆ ಈ ಸಲ ಉತ್ತರವಿದೆ.