ಮೊದಲ ಕ್ಷೌರದ ಕತ್ತಿ
ಮಡಚುವ ಕ್ಷೌರದ ಕತ್ತಿ ಕೊಳ್ಳಹೊರಟವರ ಕಣ್ಣು ಮೊದಲು ಹೋಗುವುದು ಹಿಡಿಯ ಮೇಲೆ: ಕೊಂಬಿನದೋ, ಮರದ್ದೋ, ದಂತದ ಬಣ್ಣದ ಪ್ಲಾಸ್ಟಿಕ್ಕಿನದೋ ಎಂದು. ಗಡ್ಡಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಅಲಗು ನೋಡಿ. ಅಗಲ 5/8 ಇಂಚು ಇದ್ದರೆ ಹೊಸ ಕೈಗೆ ಸಾಕು. ಇನ್ನೂ ಅಗಲವಾದದ್ದನ್ನು ಮೂಗಿನ ಕೆಳಗೆ ಆಡಿಸುವುದು ಫಜೀತಿ. ತುದಿ ದುಂಡಗಿರಲಿ, ಚೂಪು ಮೂಲೆಯದು ಕಿವಿಯ ಹಾಲೆ ಕಂಡರೆ ಸುಮ್ಮನಿರುವುದಿಲ್ಲ. ಕತ್ತಿಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಹೆಸರಿಗೆ 1938ರಿಂದಲೇ ಕಾನೂನಿನ ಕಾವಲಿದೆ, ಬೇರೆ ಕಡೆ ಮಾಡಿದ ಕತ್ತಿಗೆ ಅದನ್ನು ಹಾಕುವಂತಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಊರಿಗಿಂತ ಬೆನ್ನನ್ನು ನೋಡಿ. ಸಾಣೆ ಹಿಡಿಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುತ್ತವೆ. ಬೆನ್ನು ಒಂದು ಕಡೆ ಹೆಚ್ಚು ಸವೆದಿದ್ದರೆ ಯಾರೋ ಅಡ್ಡಾದಿಡ್ಡಿ ಮಸೆದಿದ್ದಾರೆ ಎಂದೇ ಅರ್ಥ. ಬಾಯಿಯನ್ನು ದೀಪದ ಕೆಳಗೆ ಹಿಡಿದಾಗ ಅಂಚಿನಲ್ಲಿ ಬೆಳಕು ಮಿಂಚಿದರೆ ಅಲ್ಲಿ ಮೊಂಡಾಗಿದೆ. ಹೊಸ ಕತ್ತಿಯೂ ಎಷ್ಟೋ ಸಲ ಗಡ್ಡಕ್ಕೆ ಬೇಕಾದಷ್ಟು ಹರಿತವಾಗಿ ಬಂದಿರುವುದಿಲ್ಲ, ಆದ್ದರಿಂದ ಮಸೆದು ಕೊಡುವ ಮಾರಾಟಗಾರನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನಮ್ಮ ಸೆಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ ಹೆಚ್ಚು; ಗಿರಾಕಿ ಬದಲಾದರೆ ಬ್ಲೇಡೂ ಬದಲು, ಮಸೆಯುವ ರಗಳೆಯೇ ಇಲ್ಲ. ನೀವು ಕೊಳ್ಳುವ ಈ ಮಸೆಯುವ ಕತ್ತಿಗಾದರೋ ಪ್ರತಿ ಕ್ಷೌರಕ್ಕೂ ಮುಂಚೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿತೋ, ಪಟ್ಟಿ ಸೀಳಿತು. ಹಾಗಾಗಿ ಕತ್ತಿಗೆ ಧಾರಾಳವಾಗಿ ಖರ್ಚು ಮಾಡಿ, ಮೊದಲ ಪಟ್ಟಿಯನ್ನು ಮಾತ್ರ ಅಗ್ಗದ್ದೇ ತನ್ನಿ.