ಹಸಿವಿಗೆ ಹೇಳಿದ ಮದ್ದು

ಆಹಾರದ ವಿಷಯದಲ್ಲಿ ಜನರಿಗೆ ಉಪದೇಶ ಮಾಡುವವರು, ತಾವು ಹೇಳಿದ ಮಾತು ಕಾಲಾಂತರದಲ್ಲಿ ನಿಲ್ಲದೆಹೋದಾಗ, ಅದನ್ನು ಸಾರಿದಷ್ಟೇ ಗಟ್ಟಿಯಾದ ದನಿಯಲ್ಲಿ ಹಿಂತೆಗೆದುಕೊಳ್ಳುವುದಿಲ್ಲವೆಂಬುದು ನನ್ನ ಮುಖ್ಯವಾದ ಆಕ್ಷೇಪ.

ಎರಡನೆಯ ಮಹಾಯುದ್ಧದ ತರುವಾಯ, ಬಡರಾಷ್ಟ್ರಗಳ ಮಕ್ಕಳು ಕೃಶರಾಗಿರುವುದಕ್ಕೆ ಪ್ರೋಟೀನಿನ ಅಭಾವವೇ ಪ್ರಧಾನ ಕಾರಣವೆಂದು ತಜ್ಞರಲ್ಲಿ ಅನೇಕರು ನಂಬಿದ್ದರು. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದಕ್ಕೆಂದೇ ಒಂದು ಸಲಹಾ ಮಂಡಲಿಯನ್ನು ನೇಮಿಸಿತು. 1968ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು ಪ್ರೋಟೀನಿನ ಮಹಾಸಂಕಟವೇ ಸಮೀಪಿಸಿದೆಯೆಂದು ಎಚ್ಚರಿಸಿತು. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ವಗಳನ್ನು ಸೇರಿಸಿ, ವಿವಿಧೋದ್ದೇಶ ಆಹಾರವೆಂಬುದನ್ನು ಸಿದ್ಧಪಡಿಸಿತು. ನಮ್ಮ ಹೊಲಗಳಲ್ಲಿ ಬೆಳೆದುದರಿಂದಲೇ ಅಗ್ಗದ ಪುಷ್ಟಿಯನ್ನು ಒದಗಿಸಹೊರಟ ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ.

ಆದರೆ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆಯವರೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಸಿ. ಗೋಪಾಲನ್ನರೂ ಮಕ್ಕಳ ನಿಜವಾದ ಊಟವನ್ನು ಪರಿಶೀಲಿಸಿದಾಗ ಬೇರೆಯೇ ಸಂಗತಿ ತಿಳಿದುಬಂದಿತು: ಧಾನ್ಯಕ್ಕೆ ಬೇಳೆ ಬೆರೆತ ನಮ್ಮ ಊಟದಲ್ಲಿ ಪ್ರೋಟೀನಿನ ಅಂಶ ಬಹುಮಟ್ಟಿಗೆ ಸಾಕಷ್ಟಿದ್ದು, ಕೊರತೆಯಿದ್ದುದು ಊಟದ ಮೊತ್ತದಲ್ಲಿಯೇ. ಹೊಟ್ಟೆ ತುಂಬದ ಮಗುವಿನ ದೇಹವು ತಿಂದ ಪ್ರೋಟೀನನ್ನೂ ಇಂಧನವಾಗಿ ಸುಟ್ಟುಬಿಡುವುದರಿಂದ, ಅನ್ನವಿಲ್ಲದೆ ಕೊಟ್ಟ ಪುಡಿ ಬಹುಪಾಲು ವ್ಯರ್ಥವಾಗುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್ಲಾರೆನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆ ಇಡೀ ಅಭಿಯಾನವನ್ನು ಮಹಾವೈಫಲ್ಯವೆಂದೇ ಕರೆದರು.

ಪಂಡಿತರ ನಡುವೆ ವಾದ ಹೀಗೆ ಹೊರಳಿದರೂ, ಅಂಗಡಿಯ ಕಪಾಟಿಗೆ ಆ ಸುದ್ದಿ ತಲುಪಲಿಲ್ಲ. ಬೆಳೆಯುವ ಮಕ್ಕಳಿಗೆಂದು ಮಾರುವ ಪುಡಿಯ ಡಬ್ಬಿಯೊಂದನ್ನು ಕೈಗೆತ್ತಿಕೊಂಡು, ಹಿಂಬದಿಯ ಸಣ್ಣಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ: ಪದಾರ್ಥಗಳನ್ನು ತೂಕದ ಇಳಿಕ್ರಮದಲ್ಲಿ ನಮೂದಿಸಬೇಕೆಂಬ ನಿಯಮದಂತೆ ಬರೆದ ಪಟ್ಟಿಯ ಮೊದಮೊದಲಲ್ಲಿಯೇ, ಎಷ್ಟೋ ಡಬ್ಬಿಗಳಲ್ಲಿ, ಸಕ್ಕರೆಯಿರುತ್ತದೆ. ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ಗಳ ಸಾಲಿನಿಂದ ತೆಗೆಯಬೇಕೆಂದು ಆನ್‌ಲೈನ್ ಮಾರಾಟಗಾರರಿಗೆ ಕೇಂದ್ರ ವಾಣಿಜ್ಯ ಸಚಿವಾಲಯ ಸೂಚಿಸಿದ್ದು 2024ರ ಏಪ್ರಿಲ್‌ನಲ್ಲಿ. ಮರುತಿಂಗಳೇ, ಪ್ರೋಟೀನ್ ಪುಡಿಗಳ ಗೊಡವೆ ಬೇಡವೆಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಹೊಸ ಮಾರ್ಗಸೂಚಿಯೂ ಹೇಳಿತು.

ಪ್ರೋಟೀನು ಬೇಡವೆಂದು ನಾನು ಹೇಳುತ್ತಿಲ್ಲ. ಬರಿಯ ಗಂಜಿಯಲ್ಲಿ ದಿನ ಕಳೆಯುವ ಮಗುವಿಗೆ ಬೇಳೆಯೂ ಹಾಲೂ ಮೊಟ್ಟೆಯೂ ಬೇಕೇ ಬೇಕು. ಕೂಲಿಯ ಹಣದಲ್ಲಿ ಡಬ್ಬಿ ಕೊಳ್ಳುವ ತಾಯಿಗೆ, ಅದೇ ಹಣಕ್ಕೆ ಹೆಸರುಕಾಳು, ಕಡಲೆಕಾಯಿ, ಮೊಟ್ಟೆ ಎಷ್ಟೆಷ್ಟು ಬರುತ್ತವೆಂದು ಕನ್ನಡದಲ್ಲಿ, ಅಂಗನವಾಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ತಿಳಿಸುವುದು ಸರ್ಕಾರದ ಕರ್ತವ್ಯ. ಹಿಂದಿನ ಸಲಹೆಗಳಲ್ಲಿ ಯಾವುದನ್ನು, ಯಾವ ಕಾರಣದಿಂದ ಕೈಬಿಡಲಾಯಿತೆಂಬುದನ್ನೂ ಅಲ್ಲಿಯೇ ಬರೆಯಬೇಕು.